ಕಿಡ್ನಿ ಕಾಯಿಲೆ ಇದ್ದಾಗ ಚೀಸ್ ತಿನ್ನುವುದು ಹೇಗೆ: ರಿಪೋರ್ಟ್‌ನಿಂದ ತಟ್ಟೆಯವರೆಗೆ

ದೀರ್ಘಕಾಲದ ಕಿಡ್ನಿ ಕಾಯಿಲೆ, ಅಂದರೆ ಸಿಕೆಡಿ, ಇದೆ ಅಂತ ಗೊತ್ತಾದ ಕೂಡಲೇ ಯಾರಾದರೂ ಒಬ್ಬರು "ಇನ್ಮೇಲೆ ಚೀಸ್ ಮುಟ್ಟಲೇಬೇಡಿ" ಅಂದುಬಿಡುತ್ತಾರೆ. ಇನ್ನೊಬ್ಬರು "ಸ್ವಲ್ಪ ತಿಂದರೆ ಏನೂ ಆಗಲ್ಲ ಬಿಡಿ" ಅನ್ನುತ್ತಾರೆ. ಇಬ್ಬರನ್ನೂ ಪೂರ್ತಿ ನಂಬಬೇಡಿ. ಚೀಸ್ ಅಂದರೆ ಒಂದೇ ಪದಾರ್ಥ ಅಲ್ಲ. ಒಂದರಲ್ಲಿ ಉಪ್ಪು ಜಾಸ್ತಿ, ಫಾಸ್ಫರಸ್ ಕಡಿಮೆ. ಇನ್ನೊಂದರಲ್ಲಿ ಅದು ಪೂರಾ ಉಲ್ಟಾ. ಮತ್ತೊಂದರಲ್ಲಿ ಎರಡೂ ಕಡಿಮೆ, ಆದರೆ ಬರೀ ಕೊಬ್ಬು. ಹಾಗಾಗಿ "ಯಾವ ಚೀಸ್ ಒಳ್ಳೆಯದು?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ನನ್ನ ರಿಪೋರ್ಟ್ ಹೀಗಿದೆ, ನನಗೆ ಯಾವುದು, ಎಷ್ಟು?" ಅಂತ ಕೇಳಿದರೆ ಸಿಗುತ್ತದೆ.

ಆ ಉತ್ತರಕ್ಕೆ ಹೋಗುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದು ದೊಡ್ಡವರಿಗೆ ಮಾತ್ರ. ಮಕ್ಕಳ ಬೆಳವಣಿಗೆಗೆ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ ಲೆಕ್ಕವೇ ಬೇರೆ. ಅದನ್ನು ಮಕ್ಕಳ ಕಿಡ್ನಿ ತಜ್ಞರೇ ಹೇಳಬೇಕು.

ಹಂತ 1: ಮೊದಲು ರಿಪೋರ್ಟ್, ಆಮೇಲೆ ಫ್ರಿಜ್

ಕೊನೆಯ ಎರಡು ಮೂರು ಸಲದ ರಕ್ತ ಮತ್ತು ಮೂತ್ರ ಪರೀಕ್ಷೆಯ ರಿಪೋರ್ಟ್ ತೆಗೆದು ಎದುರಿಗಿಟ್ಟುಕೊಳ್ಳಿ. ಒಂದೇ ರಿಪೋರ್ಟ್ ಸಾಲದು. ಅಂಕಿ ಏರುತ್ತಿದೆಯಾ, ಇಳಿಯುತ್ತಿದೆಯಾ, ಒಂದೇ ಮಟ್ಟದಲ್ಲಿ ನಿಂತಿದೆಯಾ ಅನ್ನುವುದು ಗೊತ್ತಾಗಬೇಕು.

ಮೊದಲು ಇಜಿಎಫ್‌ಆರ್ ನೋಡಿ, ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ಅಂಕಿ. 60ಕ್ಕಿಂತ ಮೇಲಿದ್ದರೆ 1 ಅಥವಾ 2ನೇ ಹಂತ. 45ರಿಂದ 59 ಇದ್ದರೆ 3ಎ, 30ರಿಂದ 44 ಇದ್ದರೆ 3ಬಿ, 15ರಿಂದ 29 ಇದ್ದರೆ 4, ಅದಕ್ಕಿಂತ ಕೆಳಗಿದ್ದರೆ 5. 1 ಮತ್ತು 2ನೇ ಹಂತದಲ್ಲಿ ಇರುವವರಿಗೆ ಚೀಸಿನ ವಿಷಯದಲ್ಲಿ ಮುಖ್ಯ ತಲೆನೋವು ಉಪ್ಪು. ಫಾಸ್ಫರಸ್ ಚಿಂತೆ ಸಾಮಾನ್ಯವಾಗಿ 3ಬಿ, 4ರ ಹೊತ್ತಿಗೆ ಶುರುವಾಗುತ್ತದೆ.

ಆಮೇಲೆ ಫಾಸ್ಫರಸ್. ರಕ್ತದಲ್ಲಿ ಅದು ಡೆಸಿಲೀಟರ್‌ಗೆ ಸುಮಾರು 2.5ರಿಂದ 4.5 ಮಿ.ಗ್ರಾಂ ಇರಬೇಕು. ಇಲ್ಲೊಂದು ವಿಷಯ ತಿಳಿದಿರಲಿ. ಕಿಡ್ನಿ ಸೋಲುತ್ತಾ ಬಂದರೂ ಈ ಅಂಕಿ ಬಹಳ ಕಾಲ ನಾರ್ಮಲ್ ಆಗಿಯೇ ಕಾಣುತ್ತದೆ. ಎಫ್‌ಜಿಎಫ್-23, ಪಿಟಿಎಚ್ ಅನ್ನುವ ಹಾರ್ಮೋನುಗಳು ಏರಿ, ಉಳಿದಿರುವ ಕಿಡ್ನಿಯಿಂದಲೇ ಫಾಸ್ಫರಸ್ಸನ್ನು ಹೊರಗೆ ತಳ್ಳಿಸುತ್ತಿರುತ್ತವೆ. ಇಜಿಎಫ್‌ಆರ್ 30ರ ಆಸುಪಾಸಿಗೆ ಇಳಿದ ಮೇಲೆ ಅವುಗಳ ಆಟ ನಡೆಯುವುದಿಲ್ಲ, ರಕ್ತದಲ್ಲಿ ಫಾಸ್ಫರಸ್ ಏರತೊಡಗುತ್ತದೆ. ಆಮೇಲೆ ಮೂಳೆ ಸವೆತ, ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟುವುದು, ಮೈ ತುರಿಕೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಹಾಗಾಗಿ ಪಿಟಿಎಚ್ ಮಾಡಿಸಿದ್ದರೆ ಅದನ್ನೂ ನೋಡಿ. ಫಾಸ್ಫರಸ್ ನಾರ್ಮಲ್ ಇದ್ದು ಪಿಟಿಎಚ್ ಏರುತ್ತಿದ್ದರೆ ಡಾಕ್ಟರ ಹತ್ತಿರ ಆ ಬಗ್ಗೆ ಕೇಳಲೇಬೇಕು.

ಬೈಕಾರ್ಬನೇಟ್ ಅನ್ನುವ ಅಂಕಿಯನ್ನು ಬಹಳ ಜನ ನೋಡುವುದೇ ಇಲ್ಲ. ಅದು 22ಕ್ಕಿಂತ ಕೆಳಗಿದ್ದರೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತಿದೆ ಅಂತ ಅರ್ಥ. ಗಟ್ಟಿ ಚೀಸ್ ಮೈಯಲ್ಲಿ ಆಮ್ಲ ಹೆಚ್ಚಿಸುವ ಆಹಾರಗಳ ಪೈಕಿ ಮುಂದಿನ ಸಾಲಿನದು. ಆಹಾರದ ಆಮ್ಲದ ಹೊರೆ ಅಳೆಯುವ ಲೆಕ್ಕವೊಂದಿದೆ. ಅದರಲ್ಲಿ 100 ಗ್ರಾಂ ಹಾಲಿಗೆ 1ಕ್ಕೂ ಕಡಿಮೆ ಅಂಕ ಬಂದರೆ, 100 ಗ್ರಾಂ ಪಾರ್ಮೆಸಾನ್‌ಗೆ 34ರಷ್ಟು ಬರುತ್ತದೆ. ಮಾಂಸಕ್ಕೂ ಅಷ್ಟು ಬರುವುದಿಲ್ಲ.

ಬಿಪಿ, ಕಾಲಿನ ಊತ, ಮೂತ್ರದಲ್ಲಿ ಹೋಗುತ್ತಿರುವ ಅಲ್ಬುಮಿನ್ ಅನ್ನುವ ಪ್ರೋಟೀನ್ ಇವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಇವೆಲ್ಲ ಉಪ್ಪಿನ ಜೊತೆ ಹೆಣೆದುಕೊಂಡಿರುವ ವಿಷಯಗಳು.

ಹಂತ 2: ಚೀಸಿನೊಳಗೆ ಏನು ಉಳಿಯುತ್ತದೆ, ಏನು ಹರಿದು ಹೋಗುತ್ತದೆ

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಟ್ಟಿ ಬಾಯಿಪಾಠ ಮಾಡುವ ಅಗತ್ಯ ಇರುವುದಿಲ್ಲ.

ಹಾಲು ಒಡೆದಾಗ ಗಟ್ಟಿ ಭಾಗ ಒಂದು ಕಡೆ, ಹಾಲೊಡಕಿನ ನೀರು ಒಂದು ಕಡೆ ಆಗುತ್ತದೆ. ಪೊಟ್ಯಾಶಿಯಂ ನೀರಿನಲ್ಲಿ ಕರಗಿರುವುದರಿಂದ ಬಹುಪಾಲು ಹಾಲೊಡಕಿನ ಜೊತೆಯೇ ಹೋಗಿಬಿಡುತ್ತದೆ. ಒಂದು ಕಪ್ ಹಾಲಿನಲ್ಲಿ ಸುಮಾರು 350 ಮಿ.ಗ್ರಾಂ ಪೊಟ್ಯಾಶಿಯಂ ಇದ್ದರೆ, 28 ಗ್ರಾಂ ಚೆಡ್ಡಾರ್ ಚೀಸಿನಲ್ಲಿ ಇರುವುದು 25 ಮಿ.ಗ್ರಾಂ ಆಸುಪಾಸು. ಪೊಟ್ಯಾಶಿಯಂ ಏರಿದೆ ಅಂತ ಹಾಲು ಕಡಿಮೆ ಮಾಡಿಸಿಕೊಂಡವರಿಗೆ ಇದು ಒಳ್ಳೆಯ ಸುದ್ದಿ. ಅಪವಾದ ಒಂದಿದೆ. ನಾರ್ವೆಯ ಕಂದು ಬಣ್ಣದ ಬ್ರೂನೋಸ್ಟ್ ಚೀಸನ್ನು ಹಾಲೊಡಕನ್ನೇ ಕುದಿಸಿ ಗಟ್ಟಿ ಮಾಡಿ ಮಾಡುತ್ತಾರೆ. ಹೊರಗೆ ಹೋಗಬೇಕಿದ್ದ ಪೊಟ್ಯಾಶಿಯಂ ಪೂರ್ತಿ ಅದರಲ್ಲೇ ಉಳಿಯುತ್ತದೆ. 28 ಗ್ರಾಂಗೆ 400 ಮಿ.ಗ್ರಾಂ ಹತ್ತಿರ!

ಫಾಸ್ಫರಸ್ ಕಥೆ ಬೇರೆ. ಅದು ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಹಾಲಿನ ಕೇಸೀನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ರೆನ್ನೆಟ್ ಅನ್ನುವ ಕಿಣ್ವ ಹಾಕಿ ಹೆಪ್ಪು ಕಟ್ಟಿಸಿದರೆ ಅದು ಬಿಡದೆ ಗಟ್ಟಿ ಭಾಗದಲ್ಲೇ ಉಳಿಯುತ್ತದೆ. ಹುಳಿಯಿಂದ ಹೆಪ್ಪು ಕಟ್ಟಿಸಿದರೆ ಆ ಅಂಟು ಕರಗಿ, ಒಂದಷ್ಟು ಫಾಸ್ಫರಸ್ ಹಾಲೊಡಕಿಗೆ ಜಾರಿ ಹೋಗುತ್ತದೆ. ಕ್ರೀಮ್ ಚೀಸ್, ಕಾಟೇಜ್ ಚೀಸ್ (ಪನೀರ್ ಅಲ್ಲ, ಡಬ್ಬಿಯಲ್ಲಿ ಬರುವ ಮೆತ್ತಗಿನ, ಕಾಳುಕಾಳಾದ ಚೀಸ್) ಹುಳಿಯಿಂದ ಆದವು. ಒಂದೇ ತೂಕಕ್ಕೆ ಹೋಲಿಸಿದರೆ ಇವುಗಳಲ್ಲಿ ಫಾಸ್ಫರಸ್ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಎಮೆಂಟಲ್, ಗ್ರುಯೆರ್ ತರಹದ ಸ್ವಿಸ್ ಚೀಸುಗಳಲ್ಲಿ ಹುಳಿ ಏರುವ ಮೊದಲೇ ಹಾಲೊಡಕು ಬಸಿದುಬಿಡುತ್ತಾರೆ. ಅದಕ್ಕೇ ಅವುಗಳಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ತುಂಬಿಕೊಂಡಿರುತ್ತವೆ.

ಮೇಲೆ ಬಿಳಿ ಬೂಷ್ಟು ಬೆಳೆದ ಬ್ರೀ, ಕಾಮೆಂಬೆರ್‌ಗಳಲ್ಲಿ ಇನ್ನೂ ಒಂದು ತಮಾಷೆ ನಡೆಯುತ್ತದೆ. ಚೀಸ್ ಹಣ್ಣಾಗುತ್ತಾ ಹೋದಂತೆ ಒಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಹೊರಸಿಪ್ಪೆಯ ಕಡೆ ಸರಿದು ಅಲ್ಲಿ ಸೇರಿಕೊಳ್ಳುತ್ತದೆ. ಸಿಪ್ಪೆ ತೆಗೆದು ಒಳಗಿನ ಮೆತ್ತಗಿನ ಭಾಗ ಮಾತ್ರ ತಿಂದರೆ ಫಾಸ್ಫರಸ್ ಇನ್ನಷ್ಟು ಕಡಿಮೆ. ಸಿಪ್ಪೆಯೇ ಇಷ್ಟ ಅನ್ನುವವರಿಗೆ ನಾನೇನೂ ಹೇಳಲಾರೆ.

ಉಪ್ಪನ್ನು ಮಾತ್ರ ಮನುಷ್ಯರೇ ಹಾಕುವುದು. ಕೆಡದಿರಲಿ ಅಂತ, ರುಚಿಗೆ, ನೀರು ಹೊರಹಾಕಲು ಹಾಕುತ್ತಾರೆ. ಫೆಟಾ ಉಪ್ಪುನೀರಿನಲ್ಲೇ ಮುಳುಗಿರುತ್ತದೆ. ಎಮೆಂಟಲ್‌ನಲ್ಲಿ ತೂತು ಮಾಡುವ ಬ್ಯಾಕ್ಟೀರಿಯಾಗೆ ಉಪ್ಪು ಆಗಿಬರುವುದಿಲ್ಲ, ಹಾಗಾಗಿ ಅದಕ್ಕೆ ಉಪ್ಪು ಕಡಿಮೆ ಹಾಕುತ್ತಾರೆ. ನೋಡಿ, ಉಪ್ಪು ಕಡಿಮೆ ಇರುವ ಚೀಸಿನಲ್ಲೇ ಫಾಸ್ಫರಸ್ ಜಾಸ್ತಿ. ಚೀಸ್ ಆರಿಸುವಾಗ ಕೈ ತಡೆಯುವುದು ಇಲ್ಲೇ.

ಹಂತ 3: ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ

ಕೆಳಗಿನ ಅಂಕಿಗಳೆಲ್ಲ ಸುಮಾರು. ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಬೇರೆ ಹೇಳದಿದ್ದರೆ 28 ಗ್ರಾಂಗೆ ಎಷ್ಟು ಅನ್ನುವ ಲೆಕ್ಕ.

- ಕ್ರೀಮ್ ಚೀಸ್: ಸೋಡಿಯಂ 90 ಮಿ.ಗ್ರಾಂ, ಫಾಸ್ಫರಸ್ 30, ಪ್ರೋಟೀನ್ 2 ಗ್ರಾಂ ಕೂಡ ಇಲ್ಲ
- ಬ್ರೀ: ಸೋಡಿಯಂ 180, ಫಾಸ್ಫರಸ್ 55, ಪ್ರೋಟೀನ್ 6 ಗ್ರಾಂ
- ಮೆತ್ತನೆಯ ಮೇಕೆ ಚೀಸ್: ಸೋಡಿಯಂ 130, ಫಾಸ್ಫರಸ್ 75, ಪ್ರೋಟೀನ್ 5 ಗ್ರಾಂ
- ಫೆಟಾ: ಸೋಡಿಯಂ 260ರಿಂದ 320, ಫಾಸ್ಫರಸ್ 95, ಪ್ರೋಟೀನ್ 4 ಗ್ರಾಂ
- ಮೊಜರೆಲ್ಲಾ: ಸೋಡಿಯಂ 140ರಿಂದ 180, ಫಾಸ್ಫರಸ್ 100, ಪ್ರೋಟೀನ್ 6 ಗ್ರಾಂ
- ಚೆಡ್ಡಾರ್: ಸೋಡಿಯಂ 180, ಫಾಸ್ಫರಸ್ 130ರಿಂದ 145, ಪ್ರೋಟೀನ್ 7 ಗ್ರಾಂ
- ಸ್ವಿಸ್: ಸೋಡಿಯಂ 55, ಫಾಸ್ಫರಸ್ 160, ಪ್ರೋಟೀನ್ 7.5 ಗ್ರಾಂ
- ಪ್ರೊಸೆಸ್ಡ್ ಚೀಸ್: ಸೋಡಿಯಂ 350ರಿಂದ 470, ಫಾಸ್ಫರಸ್ 180 ಅಥವಾ ಅದಕ್ಕೂ ಮೇಲೆ
- ಪಾರ್ಮೆಸಾನ್, ತುರಿದದ್ದು, 1 ಟೇಬಲ್ ಚಮಚ: ಸೋಡಿಯಂ 80 ಆಸುಪಾಸು, ಫಾಸ್ಫರಸ್ 30ರಿಂದ 36
- ರಿಕೋಟಾ, ಅರ್ಧ ಕಪ್: ಸೋಡಿಯಂ 105, ಫಾಸ್ಫರಸ್ 195, ಪ್ರೋಟೀನ್ 14 ಗ್ರಾಂ
- ಕಾಟೇಜ್ ಚೀಸ್, ಅರ್ಧ ಕಪ್: ಸೋಡಿಯಂ 350ರಿಂದ 450, ಫಾಸ್ಫರಸ್ 150ರಿಂದ 180, ಪ್ರೋಟೀನ್ 12ರಿಂದ 14 ಗ್ರಾಂ

ಕಾಟೇಜ್ ಚೀಸ್ ನೋಡಿ ಮೋಸ ಹೋಗಬೇಡಿ. ಬಾಯಿಗೆ ಉಪ್ಪು ಅನ್ನಿಸುವುದೇ ಇಲ್ಲ, ಆದರೆ ಅರ್ಧ ಕಪ್‌ನಲ್ಲೇ ಒಂದು ದಿನದ ಸೋಡಿಯಂನ ಐದನೇ ಒಂದು ಭಾಗ ಮುಗಿದುಹೋಗುತ್ತದೆ. ಉಪ್ಪು ಹಾಕದ ಕಾಟೇಜ್ ಚೀಸ್ ಸಿಕ್ಕರೆ ಅದು ಬೇರೆ ಮಾತು.

"ಫ್ಯಾಟ್ ಫ್ರೀ" ಅನ್ನುವುದು ಇನ್ನೊಂದು ಬಲೆ. ಕೊಬ್ಬು ತೆಗೆದಾಗ ಆ ಜಾಗಕ್ಕೆ ಪ್ರೋಟೀನ್, ಅದರ ಜೊತೆ ಫಾಸ್ಫರಸ್ ಬಂದು ಕೂರುತ್ತದೆ. ಮಾಮೂಲಿ ಕ್ರೀಮ್ ಚೀಸಿನಲ್ಲಿ 30 ಮಿ.ಗ್ರಾಂ ಇದ್ದ ಫಾಸ್ಫರಸ್ ಕೊಬ್ಬಿಲ್ಲದ ಕ್ರೀಮ್ ಚೀಸಿನಲ್ಲಿ 150ರ ಹತ್ತಿರ ಹೋಗುತ್ತದೆ. ಸೋಡಿಯಂ ಕೂಡ 200ಕ್ಕೆ ಏರುತ್ತದೆ. ಹೃದಯದ ದೃಷ್ಟಿಯಿಂದ ಕೊಬ್ಬು ಕಡಿಮೆ ಮಾಡಬೇಕು ಅನ್ನುವುದು ನಿಜ, 28 ಗ್ರಾಂ ಚೆಡ್ಡಾರ್‌ನಲ್ಲಿ 5ರಿಂದ 6 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಆದರೆ ಕಿಡ್ನಿ ಕಾಯಿಲೆ ಇದ್ದವರು ಅದಕ್ಕೆ ಫ್ಯಾಟ್ ಫ್ರೀ ಡಬ್ಬಿ ಹುಡುಕುವ ಬದಲು ಪ್ರಮಾಣ ಇಳಿಸುವುದೇ ವಾಸಿ ಅಂತ ನನಗನ್ನಿಸುತ್ತದೆ.

ಈಗ ರಿಪೋರ್ಟ್ ಜೊತೆ ಇದನ್ನು ಕೂಡಿಸಿ. ಬಿಪಿ ಮತ್ತು ಊತ ಜಾಸ್ತಿ, ಫಾಸ್ಫರಸ್, ಪಿಟಿಎಚ್ ಎರಡೂ ಸರಿಯಾಗಿವೆ ಅಂದರೆ ಸ್ವಿಸ್ ಚೀಸ್ ನಿಮ್ಮ ಕಡೆಗಿದೆ. ಫಾಸ್ಫರಸ್ ಏರಿದೆ, ಬಿಪಿ ಹತೋಟಿಯಲ್ಲಿದೆ ಅಂದರೆ ಬ್ರೀ ಅಥವಾ ಮೇಕೆ ಚೀಸಿನ ಚಿಕ್ಕ ತುಂಡು ನಡೆಯುತ್ತದೆ. ಎರಡೂ ಏರಿವೆ ಅಂದರೆ ಉಳಿಯುವುದು ಒಂದೆರಡು ಚಮಚ ಕ್ರೀಮ್ ಚೀಸ್, ಅಥವಾ ರುಚಿಗೆ ಅಂತ ಒಂದು ಚಮಚ ತುರಿದ ಪಾರ್ಮೆಸಾನ್. ಪ್ರೊಸೆಸ್ಡ್ ಚೀಸ್ ಇವುಗಳಲ್ಲಿ ಯಾರಿಗೂ ಸರಿಹೊಂದುವುದಿಲ್ಲ. ಇಡೀ ಬರಹದಲ್ಲಿ ಎಲ್ಲರಿಗೂ ಖಡಾಖಂಡಿತವಾಗಿ ಬೇಡ ಅನ್ನುವುದು ಅದೊಂದಕ್ಕೇ.

ಹಂತ 4: ಪ್ಯಾಕೆಟ್‌ನ ಹಿಂದಿನ ಸಣ್ಣ ಅಕ್ಷರ ಓದಿ

ಎರಡು ಪ್ಯಾಕೆಟ್ ಕೈಯಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಎರಡರ ಮುಂದೆಯೂ ಹಳದಿ ಬಣ್ಣದ ಚೀಸ್ ಚಿತ್ರ. ಒಂದನ್ನು ತಿರುಗಿಸಿದರೆ ಹೀಗಿದೆ: ಹಾಲು, ಉಪ್ಪು, ಕಲ್ಚರ್, ರೆನ್ನೆಟ್. ಅಷ್ಟೇ, ನಾಲ್ಕು ಪದ. ಇನ್ನೊಂದರ ಹಿಂದೆ: ಚೀಸ್, ನೀರು, ಹಾಲಿನ ಪುಡಿ, ಎಮಲ್ಸಿಫೈಯಿಂಗ್ ಸಾಲ್ಟ್ 339, 452, ಉಪ್ಪು, ಬಣ್ಣ, ಪ್ರಿಸರ್ವೇಟಿವ್. ಎರಡನೆಯದು ಪ್ರೊಸೆಸ್ಡ್ ಚೀಸ್. ಕರಗಿಸಿದಾಗ ಎಣ್ಣೆ ಬಿಡದೆ ನುಣ್ಣಗೆ ಇರಲಿ ಅಂತ ಹಾಕುವ ಆ 339, 452 ಇವೆಯಲ್ಲ, ಅವು ಫಾಸ್ಫೇಟ್ ಉಪ್ಪುಗಳು.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಹಾಲಿನಲ್ಲಿ ಸಹಜವಾಗಿ ಇರುವ ಫಾಸ್ಫರಸ್‌ನಲ್ಲಿ ಮೈಗೆ ಸೇರುವುದು ಸುಮಾರು 40ರಿಂದ 60 ಶೇಕಡಾ. ಹೀಗೆ ಹೊರಗಿನಿಂದ ಹಾಕಿದ ಫಾಸ್ಫೇಟ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಇಳಿಯುತ್ತದೆ. ಅಂದರೆ ಎರಡು ಚೀಸುಗಳ ಫಾಸ್ಫರಸ್ ಅಂಕಿ ಒಂದೇ ಇದ್ದರೂ ಕಿಡ್ನಿ ಮೇಲೆ ಬೀಳುವ ಹೊರೆ ಒಂದೇ ಅಲ್ಲ. ಅದರ ಮೇಲೆ, ಎಷ್ಟೋ ಪ್ಯಾಕೆಟ್‌ಗಳಲ್ಲಿ ಫಾಸ್ಫರಸ್ ಎಷ್ಟಿದೆ ಅಂತ ಬರೆದೇ ಇರುವುದಿಲ್ಲ. ಹಾಗಾಗಿ ಪದಾರ್ಥಗಳ ಪಟ್ಟಿಯೇ ಗತಿ.

ಹುಡುಕಬೇಕಾದ ಸಂಖ್ಯೆಗಳು: 338, 339, 340, 341, 343, 450, 451, 452. ಮುಂದೆ ಇ ಅಕ್ಷರ ಇರಬಹುದು, ಐಎನ್‌ಎಸ್ ಅಂತ ಇರಬಹುದು, ಎರಡೂ ಒಂದೇ. ಸಂಖ್ಯೆ ಇಲ್ಲದೆ ಹೆಸರು ಬರೆದಿದ್ದರೆ "ಫಾಸ್" ಅನ್ನುವ ಸದ್ದು ಹುಡುಕಿ: ಸೋಡಿಯಂ ಫಾಸ್ಫೇಟ್, ಪಾಲಿಫಾಸ್ಫೇಟ್, ಡೈಫಾಸ್ಫೇಟ್. 331 ಅಂತ ಇದ್ದರೆ ಅದು ಸೋಡಿಯಂ ಸಿಟ್ರೇಟ್. ಅದರಲ್ಲಿ ಫಾಸ್ಫೇಟ್ ಇಲ್ಲ, ಆದರೆ ಸೋಡಿಯಂ ಇದೆ.

"ಉಪ್ಪು ಕಡಿಮೆ" ಅಂತ ದೊಡ್ಡದಾಗಿ ಬರೆದಿದ್ದರೆ 508 ಇದೆಯಾ ನೋಡಿ. ಅದು ಪೊಟ್ಯಾಶಿಯಂ ಕ್ಲೋರೈಡ್. ಉಪ್ಪಿನ ಬದಲು ಅದನ್ನು ಹಾಕಿರುತ್ತಾರೆ. ಬಿಪಿಗೆ ಅಂತ ಕೊಡುವ ಕೆಲವು ಮಾತ್ರೆಗಳು, ಹೆಸರಿನ ಕೊನೆಗೆ "ಪ್ರಿಲ್" ಅಥವಾ "ಸಾರ್ಟನ್" ಇರುವವು, ಮತ್ತೆ ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ ಪೊಟ್ಯಾಶಿಯಂ ಏರಿಸುವ ಸ್ವಭಾವದವು. ಅವುಗಳ ಜೊತೆ 508 ಇರುವ ಚೀಸ್ ಬೇಡ. ಕೆಲವು ಚೀಸುಗಳಲ್ಲಿ ಬೇರೇನೂ ಸೇರಿಸದೆ ಸುಮ್ನೆ ಉಪ್ಪನ್ನಷ್ಟೇ ಕಡಿಮೆ ಮಾಡಿರುತ್ತಾರೆ. ಅವು ಧಾರಾಳವಾಗಿ ಆಗುತ್ತವೆ.

ಕೊನೆಗೆ ಸೋಡಿಯಂ ಲೆಕ್ಕ. ಕೆಲವು ದೇಶಗಳ ಪ್ಯಾಕೆಟ್‌ನಲ್ಲಿ "ಸೋಡಿಯಂ" ಬರೆಯುತ್ತಾರೆ, ಕೆಲವು ಕಡೆ "ಉಪ್ಪು" ಅಂತ. ಉಪ್ಪಿನ ಗ್ರಾಂ ಸಂಖ್ಯೆಯನ್ನು 400ರಿಂದ ಗುಣಿಸಿದರೆ ಸೋಡಿಯಂ ಮಿ.ಗ್ರಾಂ ಸಿಗುತ್ತದೆ. 100 ಗ್ರಾಂಗೆ 1.8 ಗ್ರಾಂ ಉಪ್ಪು ಅಂತ ಇದ್ದರೆ 720 ಮಿ.ಗ್ರಾಂ ಸೋಡಿಯಂ. ನೀವು ತಿನ್ನುವುದು 28 ಗ್ರಾಂ ಆದರೆ ಸುಮಾರು 200 ಮಿ.ಗ್ರಾಂ. ಮೊಬೈಲ್‌ನಲ್ಲೇ ಮಾಡಿಬಿಡಬಹುದು, ಅಲ್ವಾ?

ಸಸ್ಯಜನ್ಯ ಚೀಸ್ ಬಗ್ಗೆಯೂ ಒಂದು ಮಾತು. ತೆಂಗಿನೆಣ್ಣೆ ಮತ್ತು ಸ್ಟಾರ್ಚ್‌ನಿಂದ ಮಾಡಿದ್ದರಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಉಪ್ಪು ಮಾತ್ರ ಅಷ್ಟೇ ಇರುತ್ತದೆ. ಕೆಲವಕ್ಕೆ ಕ್ಯಾಲ್ಸಿಯಂ ಹೆಸರಿನಲ್ಲಿ 341, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿರುತ್ತಾರೆ. ಗೋಡಂಬಿಯಂಥ ಬೀಜಗಳಿಂದ ಮಾಡಿದ್ದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಹಾಲಿಲ್ಲದ್ದು ಅಂದಮಾತ್ರಕ್ಕೆ ಕಿಡ್ನಿಗೆ ಹಗುರ ಅಂತಲ್ಲ.

ಹಂತ 5: ನಿಮ್ಮ ಪಾಲು ಎಷ್ಟು ಅಂತ ಲೆಕ್ಕ ಹಾಕಿ

ಕೆಡಿಐಜಿಒ ಅನ್ನುವ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ ಸಿಕೆಡಿ ಇರುವವರು ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಕೆಲವು ಅಪರೂಪದ ಕಿಡ್ನಿ ಕಾಯಿಲೆಗಳಲ್ಲಿ ಮೂತ್ರದಲ್ಲಿ ಉಪ್ಪು ಸೋರಿ ಹೋಗುತ್ತದೆ, ಅವರಿಗೆ ಈ ಮಿತಿ ಇಲ್ಲ. ಪ್ರೋಟೀನ್ 3ರಿಂದ 5ನೇ ಹಂತದಲ್ಲಿರುವ, ಡಯಾಲಿಸಿಸ್ ಶುರುವಾಗದ ದೊಡ್ಡವರಿಗೆ ಮೈತೂಕದ ಕೆಜಿಗೆ 0.8 ಗ್ರಾಂ. ಫಾಸ್ಫರಸ್‌ಗೆ ಎಲ್ಲರಿಗೂ ಒಂದೇ ಮಿತಿ ಅಂತಿಲ್ಲ. ರಕ್ತದ ಅಂಕಿ ನೋಡಿ ನಿಗದಿ ಮಾಡುತ್ತಾರೆ. ಕಡಿಮೆ ಮಾಡಬೇಕಾದವರಿಗೆ ದಿನಕ್ಕೆ 800ರಿಂದ 1000 ಮಿ.ಗ್ರಾಂ ಅಂತ ಆಹಾರ ತಜ್ಞರು ಹೇಳುವುದು ವಾಡಿಕೆ.

60 ಕೆಜಿ ತೂಕದ, 3ಬಿ ಹಂತದವರೊಬ್ಬರನ್ನು ತೆಗೆದುಕೊಳ್ಳೋಣ. ದಿನದ ಪ್ರೋಟೀನ್ 48 ಗ್ರಾಂ. 28 ಗ್ರಾಂ ಚೆಡ್ಡಾರ್ ತಿಂದರೆ 7 ಗ್ರಾಂ ಪ್ರೋಟೀನ್ ಅದಕ್ಕೇ ಹೋಯಿತು, ಹೆಚ್ಚುಕಡಿಮೆ ಏಳನೇ ಒಂದು ಭಾಗ. ಸೋಡಿಯಂ 180, ದಿನದ ಪಾಲಿನಲ್ಲಿ 9 ಶೇಕಡಾ. ಫಾಸ್ಫರಸ್ 140. ಇದು ತಾಳಿಕೊಳ್ಳುವಂಥದ್ದೇ. ಆದರೆ ಊಟ ಹೇಗಿತ್ತೋ ಹಾಗೇ ಇದ್ದು ಅದರ ಮೇಲೆ ಚೀಸ್ ಬಂದರೆ ಲೆಕ್ಕ ತಪ್ಪುತ್ತದೆ. ಚೀಸ್ ತಿಂದ ಹೊತ್ತಿನಲ್ಲಿ ಹಾಲು, ಮೊಸರು, ಮಾಂಸ, ಬೇಳೆ ಇವುಗಳಲ್ಲಿ ಯಾವುದಾದರೂ ಒಂದನ್ನು ಅಷ್ಟೇ ಕಡಿಮೆ ಮಾಡಬೇಕು.

ಚೀಸ್ ಒಂಟಿಯಾಗಿ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಎರಡು ಹೋಳು ಬ್ರೆಡ್‌ನಲ್ಲಿ ಸುಮಾರು 280 ಮಿ.ಗ್ರಾಂ ಸೋಡಿಯಂ ಇರುತ್ತದೆ. ಒಳಗೆ ಎರಡು ಸ್ಲೈಸ್ ಪ್ರೊಸೆಸ್ಡ್ ಚೀಸ್ ಇಟ್ಟರೆ ಇನ್ನೊಂದು 600. ಒಂದು ಸ್ಯಾಂಡ್‌ವಿಚ್‌ಗೆ 900ರ ಹತ್ತಿರ ಬಂತು. ಸಾಸ್, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಬ್ರೆಡ್‌ಗೆ 28 ಗ್ರಾಂ ಸ್ವಿಸ್ ಚೀಸ್ ಇಟ್ಟರೆ ಒಟ್ಟು 340ರೊಳಗೆ ಮುಗಿಯುತ್ತದೆ.

28 ಗ್ರಾಂ ಅಂದರೆ ಎಷ್ಟು ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ತುರಿದರೆ ಕಾಲು ಕಪ್, ತುಂಡಾದರೆ ಹೆಚ್ಚುಕಡಿಮೆ ದೊಡ್ಡವರ ಹೆಬ್ಬೆರಳಿನಷ್ಟು. ಅಡುಗೆಮನೆಗೆ ಒಂದು ಚಿಕ್ಕ ತೂಕದ ಯಂತ್ರ ಇದ್ದರೆ ಮೊದಲ ಕೆಲವು ವಾರ ತೂಗಿಯೇ ತಿನ್ನಿ. ಆಮೇಲೆ ಕೈಗೆ ಅಂದಾಜು ಸಿಗುತ್ತದೆ. ಕತ್ತರಿಸುತ್ತಾ ಕತ್ತರಿಸುತ್ತಾ ಬಾಯಿಗೆ ಹಾಕಿಕೊಳ್ಳುವ ಚೂರುಗಳನ್ನೂ ತೂಗಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಹಂತ 6: ಕಡಿಮೆ ಚೀಸಿನಲ್ಲಿ ಜಾಸ್ತಿ ರುಚಿ

ಘಾಟು ಜಾಸ್ತಿ ಇರುವ ಚೀಸ್ ಆರಿಸಿ, ಕಡಿಮೆ ಹಾಕಿ. ಚೆನ್ನಾಗಿ ಹಣ್ಣಾದ ಚೆಡ್ಡಾರ್ 15 ಗ್ರಾಂ ಕೊಡುವ ರುಚಿಯನ್ನು ಸಪ್ಪೆ ಚೀಸ್ 40 ಗ್ರಾಂ ಹಾಕಿದರೂ ಪಡೆಯುವುದು ಕಷ್ಟ. ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದರೆ ಚೂರೇ ಚೀಸ್ ಇಡೀ ತಟ್ಟೆಗೆ ಹರಡುತ್ತದೆ. ಒಳಗೆ ಬೆರೆಸಬೇಡಿ, ಬಡಿಸುವ ಮೊದಲು ಮೇಲೆ ಉದುರಿಸಿ. ನಾಲಿಗೆಗೆ ಮೊದಲು ತಗುಲುವುದು ಅದೇ ಆಗಿರಬೇಕು.

ಚೀಸ್ ಹಾಕುವ ಅಡುಗೆಗೆ ಬೇರೆ ಉಪ್ಪು ಹಾಕಬೇಡಿ. ಪಾಸ್ತಾ ಬೇಯಿಸುವ ನೀರಿಗೂ ಬೇಡ. ಕಾಳುಮೆಣಸು, ಬೆಳ್ಳುಳ್ಳಿ, ನಿಂಬೆರಸ, ಹಸಿ ಸೊಪ್ಪು ಉಪ್ಪಿನ ಕೊರತೆಯನ್ನು ಬಹುಮಟ್ಟಿಗೆ ಮುಚ್ಚುತ್ತವೆ.

ಫೆಟಾ ತರಹ ಉಪ್ಪುನೀರಿನಲ್ಲಿ ಇರುವ ಚೀಸನ್ನು ತಿನ್ನುವ ಮೊದಲು ತಣ್ಣೀರಿನಲ್ಲಿ ನೆನೆಸಿ. ಸಣ್ಣ ತುಂಡು ಮಾಡಿ, ಬಟ್ಟಲು ತುಂಬಾ ನೀರು ಹಾಕಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ನೀರು ಬದಲಿಸಿ ಇನ್ನರ್ಧ ಗಂಟೆ. ತುಂಡಿನ ಅಂಚು ಸ್ವಲ್ಪ ಮೆತ್ತಗಾಗುತ್ತದೆ. ಒಂದು ಚೂರು ಬಾಯಿಗೆ ಹಾಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಉಪ್ಪು ಪೂರ್ತಿ ಹೋಗುವುದಿಲ್ಲ. ಪ್ಯಾಕೆಟ್‌ನ ಅಂಕಿಗಿಂತ ಕಡಿಮೆ ತಿಂದಿರಿ ಅಂತ ಮಾತ್ರ ತಿಳಿಯಿರಿ, ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ ಆ ಜಾಗಕ್ಕೆ ಇನ್ನೊಂದು ತುಂಡು ಸೇರಿಸಬೇಡಿ.

ಹೊರಗೆ ತಿನ್ನುವಾಗ ಹತೋಟಿ ಕಡಿಮೆ. ಒಂದು ಸ್ಲೈಸ್ ಸಾದಾ ಚೀಸ್ ಪಿಜ್ಜಾದಲ್ಲೇ 600 ಮಿ.ಗ್ರಾಂ ದಾಟಿ ಸೋಡಿಯಂ ಇರುತ್ತದೆ, ಟೊಮೆಟೊ ಸಾಸಿನ ಪೊಟ್ಯಾಶಿಯಂ ಬೇರೆ. ಚೀಸ್ ಸಾಸ್, ಚೀಸ್ ಪುಡಿ ಉದುರಿಸಿದ ತಿಂಡಿ, ಡಬ್ಬಿಯ ಮ್ಯಾಕರೋನಿ ಚೀಸ್ ಇವುಗಳಲ್ಲಿ ಫಾಸ್ಫೇಟ್ ಇರುವುದೇ ಜಾಸ್ತಿ. ತಿನ್ನಲೇಬೇಕಾದ ದಿನ ಉಳಿದ ಎರಡು ಹೊತ್ತು ಮನೆಯ ಸಪ್ಪೆ ಊಟ ಮಾಡಿ.

ಹಂತ 7: ಡಯಾಲಿಸಿಸ್, ಬೈಂಡರ್ ಮಾತ್ರೆ, ಕಿಡ್ನಿ ಕಸಿ

ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಲೆಕ್ಕ ತಿರುಗಿಬಿಡುತ್ತದೆ. ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ಅಂಶ ಹೊರಗೆ ಹೋಗುವುದರಿಂದ ಕೆಜಿಗೆ 1ರಿಂದ 1.2 ಗ್ರಾಂ ಬೇಕಾಗುತ್ತದೆ. ಆಗ ಬಹಳ ಜನ "ಹಾಗಾದರೆ ಚೀಸ್ ತಿನ್ನಬಹುದಲ್ಲ" ಅನ್ನುತ್ತಾರೆ. ತಿನ್ನಬಹುದು, ಆದರೆ ಪ್ರೋಟೀನಿಗಾಗಿ ಅಲ್ಲ. ಚೆಡ್ಡಾರ್‌ನಲ್ಲಿ ಪ್ರತಿ ಗ್ರಾಂ ಪ್ರೋಟೀನಿನ ಜೊತೆ ಸುಮಾರು 20 ಮಿ.ಗ್ರಾಂ ಫಾಸ್ಫರಸ್ ಬರುತ್ತದೆ. ರಿಕೋಟಾದಲ್ಲಿ 14, ಬ್ರೀಯಲ್ಲಿ 9. ಮೊಟ್ಟೆಯ ಬಿಳಿಯಲ್ಲಿ 2 ಕೂಡ ಇಲ್ಲ. ಪ್ರೋಟೀನ್ ಕೊರತೆ ತುಂಬಲು ಮೊಟ್ಟೆಯ ಬಿಳಿ, ರುಚಿಗೆ ಚೀಸ್. ಎರಡನ್ನೂ ಒಟ್ಟಿಗೆ ಹಾಕಿ ಆಮ್ಲೆಟ್ ಮಾಡಿದರೆ ಇನ್ನೂ ಒಳ್ಳೆಯದು. ಡಯಾಲಿಸಿಸ್‌ನವರಿಗೆ ಉಪ್ಪು ಇನ್ನೊಂದು ಕಾರಣಕ್ಕೂ ಶತ್ರು. ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ನೀರು, ನೀರು ಕುಡಿದರೆ ಎರಡು ಡಯಾಲಿಸಿಸ್ ನಡುವೆ ತೂಕ ಏರುತ್ತದೆ.

ಫಾಸ್ಫೇಟ್ ಬೈಂಡರ್ ಮಾತ್ರೆ, ಅಂದರೆ ಸೆವೆಲಾಮರ್, ಕ್ಯಾಲ್ಸಿಯಂ ಅಸಿಟೇಟ್, ಲ್ಯಾಂಥನಮ್ ತರಹದವು, ಕೆಲಸ ಮಾಡುವುದು ಹೊಟ್ಟೆಯಲ್ಲಿ ಆಹಾರ ಇದ್ದಾಗ ಮಾತ್ರ. ಆಹಾರದ ಫಾಸ್ಫರಸ್ಸನ್ನು ಅಲ್ಲೇ ಹಿಡಿದು ಮಲದ ಜೊತೆ ಕಳಿಸುತ್ತವೆ. ಬೆಳಿಗ್ಗೆ ಊಟದ ಜೊತೆ ನುಂಗಿದ ಮಾತ್ರೆ ಸಂಜೆ ನಾಲ್ಕಕ್ಕೆ ತಿಂದ ಚೀಸನ್ನು ಹಿಡಿಯುವುದಿಲ್ಲ. ಹಾಗಾಗಿ ಚೀಸನ್ನು ಮಾತ್ರೆ ತೆಗೆದುಕೊಳ್ಳುವ ಊಟದ ಜೊತೆಗೇ ತಿನ್ನಿ, ನಡುವೆ ಕುರುಕಲು ಮಾಡಿಕೊಳ್ಳಬೇಡಿ. ಚೀಸ್ ತಿಂದೆ ಅಂತ ನೀವೇ ಒಂದು ಮಾತ್ರೆ ಜಾಸ್ತಿ ನುಂಗುವುದೂ ಬೇಡ. ಕ್ಯಾಲ್ಸಿಯಂ ಇರುವ ಬೈಂಡರ್ ತೆಗೆದುಕೊಳ್ಳುವವರು ಇನ್ನೂ ಹುಷಾರು. ಮಾತ್ರೆಯ ಕ್ಯಾಲ್ಸಿಯಂ ಒಂದು ಕಡೆ, 28 ಗ್ರಾಂ ಗಟ್ಟಿ ಚೀಸಿನ 200 ಮಿ.ಗ್ರಾಂ ಒಂದು ಕಡೆ.

ಕಿಡ್ನಿ ಕಸಿ ಆದವರು ಸೋಂಕು ತಡೆಯುವ ಶಕ್ತಿ ತಗ್ಗಿಸುವ ಮಾತ್ರೆಗಳ ಮೇಲಿರುತ್ತಾರೆ. ಅವರಿಗೆ ಫಾಸ್ಫರಸ್‌ಗಿಂತ ಮೊದಲು ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಭಯ. ಪಾಶ್ಚರೀಕರಿಸದ ಹಾಲಿನ ಚೀಸ್ ಪೂರ್ತಿ ಬೇಡ. ಬ್ರೀ, ಕಾಮೆಂಬೆರ್, ನೀಲಿ ಗೆರೆಯ ಚೀಸುಗಳನ್ನು ಹಸಿಯಾಗಿ ತಿನ್ನಬೇಡಿ. ಮೇಲಿನ ಪಟ್ಟಿಯಲ್ಲಿ ಬ್ರೀಗೆ ನಾನು ಕೊಟ್ಟ ಶಿಫಾರಸು ಇವರಿಗೆ ಅನ್ವಯಿಸುವುದಿಲ್ಲ. ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸ್, ಕ್ರೀಮ್ ಚೀಸ್ ತೊಂದರೆಯಿಲ್ಲ.

ಹಂತ 8: ತಿಂದದ್ದನ್ನು ಬರೆದಿಡಿ, ಉಳಿದದ್ದನ್ನು ಕಟ್ಟಿಡಿ

ಮುಂದಿನ ರಕ್ತ ಪರೀಕ್ಷೆಯವರೆಗೆ ಯಾವ ಚೀಸ್, ಎಷ್ಟು ಗ್ರಾಂ, ಯಾವ ದಿನ ಅಂತ ಒಂದು ಸಾಲು ಬರೆಯುತ್ತಾ ಹೋಗಿ. ಪ್ಯಾಕೆಟ್‌ನ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಫಾಸ್ಫರಸ್ ಏರಿದ್ದರೆ ಆಹಾರ ತಜ್ಞರು ಆ ಚೀಟಿ ನೋಡಿಯೇ ಚೀಸಿನದೋ ಬೇರೆ ಯಾವುದರದೋ ಅಂತ ಹೇಳಬಲ್ಲರು. ಊಟ ಸೇರದೆ ತೂಕ ಇಳಿಯುತ್ತಿರುವವರು ಅದನ್ನೂ ಬರೆಯಿರಿ. ಅಂಥವರಿಗೆ ಕ್ಯಾಲರಿ ಬೇಕು ಅಂತ ಕ್ರೀಮ್ ಚೀಸನ್ನು ಅವರೇ ಜಾಸ್ತಿ ತಿನ್ನಿ ಅನ್ನಬಹುದು.

ದೊಡ್ಡ ಗಡ್ಡೆ ಚೀಸ್ ತಂದರೆ ಅದು ಮುಗಿಯುವವರೆಗೂ ಫ್ರಿಜ್ ಕರೆಯುತ್ತಲೇ ಇರುತ್ತದೆ. ತಂದ ದಿನವೇ ತುರಿದು, 28 ಗ್ರಾಂ ಅಥವಾ ನಿಮ್ಮ ಪಾಲು ಎಷ್ಟೋ ಅಷ್ಟಷ್ಟನ್ನೇ ತೂಗಿ, ಸಣ್ಣ ಚೀಲಗಳಲ್ಲಿ ಕಟ್ಟಿ, ಮೇಲೆ ತಾರೀಖು ಬರೆದು ಫ್ರೀಜರ್‌ಗೆ ಹಾಕಿ. ಚೆಡ್ಡಾರ್, ಸ್ವಿಸ್, ಮೊಜರೆಲ್ಲಾ ಹೀಗೆ ಇಟ್ಟರೆ ಅಡುಗೆಗೆ ಚೆನ್ನಾಗಿಯೇ ಆಗುತ್ತವೆ. ಕ್ರೀಮ್ ಚೀಸ್, ರಿಕೋಟಾ ಫ್ರೀಜ್ ಮಾಡಿದರೆ ನೀರೊಡೆದು ಮರಳುಮರಳಾಗುತ್ತವೆ. ಅವನ್ನು ಚಿಕ್ಕ ಡಬ್ಬಿಯಲ್ಲೇ ತನ್ನಿ.